ಕವರಿಗೆ ತುಂಬಿಟ್ಟ ಕೂದಲು: ಒಂದು ನಿಶ್ಚಿತಾರ್ಥ, ಐದು ಪ್ರಾಡಕ್ಟು, ಅರ್ಧ ತಲೆಯ ಪರೀಕ್ಷೆ

ಸಾಗರದ ಪೇಟೆಯಲ್ಲಿ ನಮ್ಮದೊಂದು ಸಣ್ಣ ಫ್ಯಾನ್ಸಿ ಸ್ಟೋರ್ ಇದೆ. ಬಳೆ, ರಿಬ್ಬನ್, ಕ್ಲಿಪ್ಪು, ಕಾಡಿಗೆ, ಲಿಪ್‌ಸ್ಟಿಕ್ಕು, ಬಾಗಿಲಿಗೆ ತೋರಣದ ಹಾಗೆ ನೇತುಹಾಕಿದ ಶಾಂಪೂ ಸ್ಯಾಚೆಗಳು. ಹದಿನಾಲ್ಕು ವರ್ಷದಿಂದ ಕೌಂಟರಿನ ಹಿಂದೆ ಕೂತಿದ್ದೇನೆ. "ಯಾವುದು ಚೆನ್ನಾಗಿದೆ ಅಕ್ಕಾ?" ಅನ್ನೋ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತದೆ. ಯಾವುದು ಜಾಸ್ತಿ ಖರ್ಚಾಗುತ್ತದೋ ಅದನ್ನೇ ಎತ್ತಿ ಕೊಡುತ್ತಿದ್ದೆ. ನನ್ನ ಅಕ್ಕನ ಮಗಳ ಕೂದಲು ಉದುರಿದ ಪ್ರಕರಣ ಆದ ಮೇಲೆ ಅಷ್ಟು ಸಲೀಸಾಗಿ ಕೈ ಮುಂದೆ ಹೋಗುತ್ತಿಲ್ಲ. ಆ ಪ್ರಕರಣವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಹಚ್ಚಿ ನೋಡಿದ ಯಾವ ಬ್ರಾಂಡಿನ ಹೆಸರನ್ನೂ ಹಾಕಿಲ್ಲ. ನೋಡಿದ್ದು ಒಂದೇ ತಲೆ, ಒಂದೇ ಮುಖದ ಮೇಲೆ. ಅಷ್ಟಕ್ಕೆ ಯಾರದೋ ಹೆಸರು ಕೆಡಿಸೋದು ಬೇಡ, ಮೆರೆಸೋದೂ ಬೇಡ.

ಹುಡುಗಿಯನ್ನು ಮನೆಯಲ್ಲಿ ಕರೆಯುವ ಹಾಗೆ ಪುಟ್ಟಿ ಅಂತಲೇ ಕರೆಯುತ್ತೇನೆ. ವಯಸ್ಸು 24. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ, ಪಿ.ಜಿ.ಯಲ್ಲಿ ವಾಸ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾಳೆ. ಕೂದಲು ಅಕ್ಕನದೇ ಹಾಗೆ ದಪ್ಪ, ಸೊಂಟದವರೆಗೆ. 2025ರ ಫೆಬ್ರವರಿಯಲ್ಲಿ ನಿಶ್ಚಿತಾರ್ಥ ಅಂತ ಗೊತ್ತಾಗಿತ್ತು.

2024ರ ಅಕ್ಟೋಬರ್ ಮೊದಲ ವಾರ ಫೋನ್ ಬಂತು. "ಚಿಕ್ಕಿ, ತಲೆ ಬೋಳಾಗ್ತಿದೆ. ನಿಶ್ಚಿತಾರ್ಥಕ್ಕೆ ಸವರಿ ಹಾಕ್ಕೊಂಡೇ ಕೂರಬೇಕೇನೋ." ಸುಮ್ನೆ ಹೇಳ್ತಾಳೆ ಅಂದುಕೊಂಡೆ. ಆಮೇಲೆ ವಿಡಿಯೋ ಕಾಲ್‌ನಲ್ಲಿ ಬಚ್ಚಲಿನ ಜಾಲರಿ ತೋರಿಸಿದಳು. ಅದರ ಮೇಲೆ ತೆಂಗಿನ ನಾರಿನ ಉಂಡೆಯಷ್ಟು ಕೂದಲು.

ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಒಂದೊಂದಾಗಿ ತರಿಸಿದಳು. ಅಕ್ಟೋಬರ್ 8ಕ್ಕೆ ಸಲ್ಫೇಟ್ (ಜೋರು ನೊರೆ ಬರಿಸುವ ರಾಸಾಯನಿಕ) ಇಲ್ಲದ ಶಾಂಪೂ, 399 ರೂಪಾಯಿ. 20ಕ್ಕೆ ಷವರಿಗೆ ಹಾಕುವ ಫಿಲ್ಟರು, 1,299. ನವೆಂಬರ್ ಶುರುವಿನಲ್ಲಿ ಈರುಳ್ಳಿ ಎಣ್ಣೆ 349, ಅದರ ಹಿಂದೆಯೇ ಬಯೋಟಿನ್ ಗಮ್ಮಿ (ವಿಟಮಿನ್ ಸೇರಿಸಿದ, ಜಗಿದು ತಿನ್ನುವ ಮಿಠಾಯಿ) 549. ಡಿಸೆಂಬರ್ 16ಕ್ಕೆ ಬೇರಿಗೆ ಹಚ್ಚುವ ಸೀರಮ್ಮು, 599. ಒಟ್ಟು 3,195 ರೂಪಾಯಿ. ಜನವರಿ ಎರಡನೇ ವಾರಕ್ಕೆ ಕೂದಲು ಉದುರೋದು ನಿಂತೇ ಹೋಯಿತು. "ಸೀರಮ್ ಕೆಲಸ ಮಾಡ್ತು ಚಿಕ್ಕಿ, ನಿನ್ನ ಅಂಗಡೀಲೂ ಇಡು" ಅಂದಳು. ನಾನೂ ಆರು ಬಾಟಲಿ ಆರ್ಡರ್ ಹಾಕಬೇಕು ಅಂತಲೇ ಇದ್ದೆ.

ತಡೆದದ್ದು ಅವಳೇ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರುಗಳು.

ಕವರುಗಳು

ಟೆಸ್ಟಿಂಗ್ ಕೆಲಸದ ಚಟ. ಮೊದಲ ದಿನದಿಂದಲೇ ತಲೆಸ್ನಾನದ ಭಾನುವಾರ ಬಚ್ಚಲಲ್ಲಿ, ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನೆಲ್ಲ ಒಣಗಿಸಿ ಜಿಪ್ ಕವರಿಗೆ ಹಾಕಿ ತಾರೀಕು ಬರೆದಿಟ್ಟಿದ್ದಳು. ಸಂಕ್ರಾಂತಿಗೆ ಊರಿಗೆ ಬಂದವಳು ಆ ಗಂಟನ್ನೂ ತಂದಿದ್ದಳು. ಅಕ್ಕ ನೋಡಿ "ಥೂ, ಮನೆಯೊಳಗೆ ತರ್ತಾರೇನೇ ಇದನ್ನ" ಅಂತ ಬೈದಳು. ನಾನು, ಅವಳು ಜಗಲಿ ಮೇಲೆ ಹಳೇ ಬಿಳಿ ಪಂಚೆ ಹಾಸಿಕೊಂಡು ಎಣಿಸೋಕೆ ಕೂತೆವು.

ಅಕ್ಟೋಬರ್ 13ರ ಕವರಲ್ಲಿ 231. 27ರದರಲ್ಲಿ 248. ಅದೇ ಎಲ್ಲಕ್ಕಿಂತ ಜಾಸ್ತಿ. ನವೆಂಬರ್ 17ಕ್ಕೆ 205. ಡಿಸೆಂಬರ್ 1ಕ್ಕೆ 160. ಡಿಸೆಂಬರ್ 15ಕ್ಕೆ 122. 29ಕ್ಕೆ 84. ಜನವರಿ 12ಕ್ಕೆ 61.

ಈಗ ಸೀರಮ್ಮಿನ ತಾರೀಕು ನೋಡಿ. ಡಿಸೆಂಬರ್ 16. ಅದರ ಹಿಂದಿನ ದಿನಕ್ಕೇ ಲೆಕ್ಕ 248ರಿಂದ 122ಕ್ಕೆ, ಅಂದರೆ ಅರ್ಧಕ್ಕೆ ಇಳಿದಿತ್ತು. ಇಳಿಜಾರಿನಲ್ಲಿ ತಾನಾಗಿ ಉರುಳುತ್ತಿದ್ದ ಗಾಡಿಗೆ ಕೊನೆಯಲ್ಲಿ ಬಂದು ಕೈ ಹಚ್ಚಿದ್ದು ಸೀರಮ್ಮು. ಹೆಸರು ಬಂದದ್ದೂ ಅದಕ್ಕೇ.

ಇನ್ನೊಂದು ವಿಷಯ ಎಣಿಸುವಾಗ ಕಣ್ಣಿಗೆ ಬಿತ್ತು. ಬಿಳಿ ಪಂಚೆ ಮೇಲೆ ಕಾಣಲಿಲ್ಲ. ಒಂದು ಹಿಡಿ ಕೂದಲನ್ನು ಅಕ್ಕನ ಕಪ್ಪು ರವಿಕೆ ಬಟ್ಟೆ ಮೇಲೆ ಹರಡಿ ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದೆವು. ಹೆಚ್ಚು ಕಡಿಮೆ ಎಲ್ಲವೂ ಉದ್ದದ ಕೂದಲು. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಬಿಳಿ ಗುಂಡು. ಅಂದರೆ ಬೇರಿನಿಂದ ಕಳಚಿ ಬಂದ ಕೂದಲು, ನಡುವೆ ತುಂಡಾದದ್ದಲ್ಲ. ನೀರು, ಶಾಂಪೂ, ಬಾಚಣಿಗೆಯಿಂದ ಹಾಳಾಗುವ ಕೂದಲು ಸಾಮಾನ್ಯವಾಗಿ ನಡುವೆ ಮುರಿಯುತ್ತದೆ, ತುದಿ ಒಡೆಯುತ್ತದೆ. ಬುಡದಿಂದ ಹೀಗೆ ರಾಶಿ ರಾಶಿ ಕಳಚುವುದಕ್ಕೆ ಕಾರಣ ಹೆಚ್ಚಾಗಿ ದೇಹದ ಒಳಗಿರುತ್ತದೆ.

ಅದನ್ನು ನವೆಂಬರಿನಲ್ಲೇ ಒಬ್ಬ ಚರ್ಮದ ಡಾಕ್ಟರು ಅವಳಿಗೆ ಹೇಳಿದ್ದರು. ಮೊದಲ ಪ್ರಶ್ನೆಯೇ "ಎರಡು ಮೂರು ತಿಂಗಳ ಹಿಂದೆ ಜ್ವರ ಬಂದಿತ್ತಾ?" ಬಂದಿತ್ತು. ಜುಲೈ ಕೊನೇ ವಾರ ಡೆಂಗಿ. ಆ ವರ್ಷ ರಾಜ್ಯದಲ್ಲಿ ಡೆಂಗಿ ಎಷ್ಟು ಹಬ್ಬಿತ್ತು ಅಂದರೆ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತ್ತು. ಪುಟ್ಟಿ ಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದವಳು. ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸೋದು, ಇಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲು ಒಂದಷ್ಟು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ. ಎರಡು ಮೂರು ತಿಂಗಳು ಬುಡದಲ್ಲೇ ಕೂತಿದ್ದು ಆಮೇಲೆ ಒಟ್ಟಿಗೇ ಉದುರುತ್ತದೆ. ಇದಕ್ಕೆ ಟೆಲೋಜೆನ್ ಎಫ್ಲೂವಿಯಮ್ ಅಂತ ಹೆಸರು. ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ, ಹೊಸ ಕೂದಲು ಬರುತ್ತದೆ. ಆರೋಗ್ಯವಾಗಿರುವವರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲು.

ಜ್ವರಕ್ಕೂ ಕೂದಲಿಗೂ ನಡುವೆ ಇಷ್ಟು ದಿನದ ಅಂತರ ಇರೋದರಿಂದಲೇ ಯಾರಿಗೂ ಸಂಬಂಧ ಹೊಳೆಯೋದಿಲ್ಲ. ಕೂದಲು ಉದುರಿದಾಗ ಕಣ್ಣೆದುರು ಇರೋದು ಶಾಂಪೂ. ಬೈಸಿಕೊಳ್ಳೋದೂ ಅದೇ.

"ಡಾಕ್ಟರು ಇಷ್ಟು ಹೇಳಿದ ಮೇಲೂ ಸೀರಮ್ ಯಾಕೆ ತಗೊಂಡೆ ಮಾರಾಯ್ತಿ?" ಅಂದೆ.

"700 ರೂಪಾಯಿ ಫೀಸ್ ತಗೊಂಡು ಏನೂ ಹಚ್ಚೋಕೆ ಕೊಡಲಿಲ್ಲ ಚಿಕ್ಕಿ. ಸುಮ್ನೆ ಕೂರು ಅಂದ್ರೆ ಹೇಗೆ ಕೂರೋದು?"

ಅವಳ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ಅಂಗಡಿಯ ಅರ್ಧ ವ್ಯಾಪಾರ ನಡೆಯೋದು ಸುಮ್ನೆ ಕೂರೋಕಾಗದವರಿಂದ.

ಒಂದು ಮಾತು ಸೇರಿಸಬೇಕು. ರಕ್ತಪರೀಕ್ಷೆಯಲ್ಲಿ ಅವಳಿಗೆ ಕಬ್ಬಿಣದ ಅಂಶ ಕಡಿಮೆ ಅಂತ ಬಂದು ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಅದನ್ನೂ ನುಂಗುತ್ತಿದ್ದಳು. ಹಾಗಾಗಿ ತಾನಾಗಿ ನಿಂತದ್ದೆಷ್ಟು, ಮಾತ್ರೆಯ ಪಾಲೆಷ್ಟು ಅಂತ ಈ ಕವರುಗಳಿಂದ ಬಿಡಿಸಿ ಹೇಳೋಕಾಗಲ್ಲ. ಆದರೆ ಇಳಿಕೆ ಶುರುವಾದದ್ದು ಮಾತ್ರೆಗಿಂತ ಮುಂಚೆಯೇ. ಪರೀಕ್ಷೆಗೆ ಮುಂಚೆ ಗಮ್ಮಿ ನಿಲ್ಲಿಸು ಅಂತಲೂ ಅವರು ಹೇಳಿದ್ದರು. ಬಯೋಟಿನ್ ಜಾಸ್ತಿ ತಿಂದರೆ ಥೈರಾಯ್ಡ್‌ನಂಥ ಕೆಲವು ರಕ್ತಪರೀಕ್ಷೆಯ ಫಲಿತಾಂಶ ತಪ್ಪು ಬರಬಹುದು. ಚಾಕೊಲೇಟಿನ ಹಾಗೆ ತಿನ್ನುವ ವಸ್ತುವಿನಿಂದ ಇಂಥ ತಾಪತ್ರಯ ಇದೆ ಅಂತ ನನಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ನಾಲ್ಕು ಡಬ್ಬಿ ಇತ್ತು. ಈಗ ಮಾರುವಾಗ ಹೇಳಿ ಮಾರುತ್ತೇನೆ.

ನೀರಿನ ಬಾಟಲಿ

ಹಾಗಾದರೆ ನೀರಿನದೇನೂ ತಪ್ಪಿಲ್ಲವೇ? ಇದೆ. ಆದರೆ ಅದು ಬೇರೆ ತಪ್ಪು.

ಅಕ್ಟೋಬರ್ ಕೊನೆಗೆ ದೀಪಾವಳಿಗೆ ಬರುವಾಗ ಎರಡು ಬಾಟಲಿ ಪಿ.ಜಿ. ನೀರು ತಗೊಂಡು ಬಾ ಅಂದಿದ್ದೆ. ಒಂದು ಫಿಲ್ಟರ್ ಹಾಕುವ ಮೊದಲಿನದು, ಒಂದು ಹಾಕಿದ ಮೇಲಿನದು. ಬಸ್ಸಿನಲ್ಲಿ ಪಕ್ಕದವರು ಕುಡಿಯೋಕೆ ಕೇಳಿದ್ದರಂತೆ, ಪಾಪ. ನೀರು ತುಂಬೋ ಹಬ್ಬದ ಸಂಜೆ ಹಂಡೆ ತೊಳೆದು ಮುಗಿಸಿ, ಉಪ್ಪಿನಕಾಯಿಯ ಮೂರು ಖಾಲಿ ಗಾಜಿನ ಬಾಟಲಿ ತಗೊಂಡೆ. ಎರಡಕ್ಕೆ ಅವಳ ನೀರು, ಒಂದಕ್ಕೆ ನಮ್ಮ ಬಾವಿ ನೀರು. ಮೈಸೋಪು ತುರಿದು ಕರಗಿಸಿದ ನೀರನ್ನು ಮೂರಕ್ಕೂ ಒಂದೊಂದು ಚಮಚ ಹಾಕಿ ಕುಲುಕಿದೆವು.

ನಮ್ಮ ಬಾವಿ ನೀರಿನಲ್ಲಿ ಎರಡು ಬೆರಳು ನೊರೆ ನಿಂತಿತು. ಪಿ.ಜಿ. ನೀರಿನಲ್ಲಿ ನೊರೆ ಇಲ್ಲ. ಒಡೆದ ಹಾಲಿನ ಹಾಗೆ ಬಿಳಿ ಗಸಿ ತೇಲಿತು. ಫಿಲ್ಟರ್ ಹಾಕಿದ ನೀರಿನಲ್ಲೂ ಅದೇ ಗಸಿ. 1,299 ರೂಪಾಯಿಯ ಫಿಲ್ಟರು ಕ್ಲೋರಿನ್ ವಾಸನೆ ತೆಗೆದಿರಬಹುದು, ಮಣ್ಣು ಹಿಡಿದಿರಬಹುದು. ನೀರಿನ ಗಡಸುತನ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅವನ್ನು ತೆಗೆಯೋಕೆ ಬೇರೆ ಥರದ ರೆಸಿನ್ (ಅವನ್ನು ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳು) ಬೇಕು, ಅದಕ್ಕೆ ಆಗಾಗ ಉಪ್ಪುನೀರು ಕುಡಿಸಿ ಮತ್ತೆ ತಯಾರು ಮಾಡುತ್ತಿರಬೇಕು. ಅಪಾರ್ಟ್‌ಮೆಂಟುಗಳ ಸಾಫ್ಟ್‌ನರ್‌ಗೆ ಮೂಟೆಗಟ್ಟಲೆ ಉಪ್ಪು ಸುರಿಯೋದು ಅದಕ್ಕೇ. ಅಂಗೈಯಷ್ಟು ಡಬ್ಬಿಯಿಂದ ಅದು ಆಗೋ ಕೆಲಸವಲ್ಲ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಬೆಂಗಳೂರಿನ ಹೊರಭಾಗದ ಬೋರ್‌ವೆಲ್, ಟ್ಯಾಂಕರ್ ನೀರು ಎಷ್ಟು ಗಡಸು ಅಂತ ಅಲ್ಲಿನ ನಲ್ಲಿಗಳ ಬಾಯಲ್ಲಿ ಕಟ್ಟಿದ ಸುಣ್ಣ ನೋಡಿದರೆ ಸಾಕು. ಅದೇ ಅಕ್ಟೋಬರ್ 16ಕ್ಕೆ ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆ ಆಗಿತ್ತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಅಂತ. ಆದರೆ ಪುಟ್ಟಿಯ ಪಿ.ಜಿ.ಗೆ ಬರುತ್ತಿದ್ದದ್ದು ಟ್ಯಾಂಕರ್ ನೀರೇ.

ಈ ನೀರು ಕೂದಲನ್ನು ಬುಡದಿಂದ ಕೀಳುವುದಿಲ್ಲ. ಒರಟು ಮಾಡುತ್ತದೆ, ಸಿಕ್ಕು ಕಟ್ಟಿಸುತ್ತದೆ. ಮರುದಿನ ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿ, ತಾನೇ ತಂದಿದ್ದ ಅದೇ ಶಾಂಪೂ ಹಾಕಿ, ನಮ್ಮ ಹಂಡೆ ನೀರು ಹುಯ್ದುಕೊಂಡು ಬಂದವಳು ಕೂದಲು ಮುಟ್ಟಿ ನೋಡಿ "ಇದು ನಂದೇನಾ?" ಅಂದಳು. ಉದುರೋದು ಮಾತ್ರ ಅಷ್ಟೇ ಇತ್ತು. ಎರಡು ತೊಂದರೆ ಒಟ್ಟಿಗೆ ಬಂದಿದ್ದವು, ಅವಳು ಒಂದೇ ಅಂದುಕೊಂಡಿದ್ದಳು. ಔಷಧಿ ತಪ್ಪಿದ್ದು ಅಲ್ಲೇ.

ಸೀಗೆಕಾಯಿ ಬಗ್ಗೆ ಕೇಳುವವರಿರುತ್ತಾರೆ. ಸೀಗೆಪುಡಿ, ಅಂಟುವಾಳ ಎರಡರಲ್ಲೂ ನೊರೆ ಬರಿಸುವ ಸಪೋನಿನ್ ಇದೆ, ಎಣ್ಣೆ ಚೆನ್ನಾಗಿ ಬಿಡಿಸುತ್ತದೆ. ಒಂದು ಡಬ್ಬ ಕೊಟ್ಟು ಕಳಿಸಿದೆ. ಪಿ.ಜಿ.ಯ ಹತ್ತು ನಿಮಿಷದ ಸ್ನಾನಕ್ಕೆ ಅದು ಒಗ್ಗಲಿಲ್ಲ. ಕೂದಲೊಳಗೆ ಪುಡಿ ಉಳಿದು, ಆಫೀಸಲ್ಲಿ ಕಪ್ಪು ಟೀ ಶರ್ಟಿನ ಮೇಲೆಲ್ಲ ಉದುರಿತಂತೆ. ಡಬ್ಬ ವಾಪಸ್ ಬಂತು.

ಕೆಂಪು ಬಳೆ, ಹಸಿರು ಬಳೆ

ಉದುರೋದು ನಿಂತಿತ್ತು. ಉಳಿದದ್ದು ಒರಟುತನ. ಅದಕ್ಕೆ ಏನು ಹಚ್ಚಬೇಕು? ಈ ಸಲ ಒಂದಾದ ಮೇಲೆ ಒಂದು ಅಲ್ಲ, ಎರಡನ್ನೂ ಒಟ್ಟಿಗೇ ನೋಡೋಣ ಅಂದೆ. ಕಂಪನಿಗಳ ಲ್ಯಾಬಿನಲ್ಲಿ ಮಾಡೋದೂ ಇದನ್ನೇ. ಅರ್ಧ ತಲೆಗೆ ಒಂದು, ಅರ್ಧ ತಲೆಗೆ ಇನ್ನೊಂದು. ಅದೇ ತಲೆ, ಅದೇ ನೀರು, ಅದೇ ದಿನ. ಜ್ವರ ಬಿಟ್ಟದ್ದಾಗಲಿ, ಊಟ ಚೆನ್ನಾಗಿ ಸೇರಿದ್ದಾಗಲಿ ಎರಡು ಕಡೆಗೂ ಒಂದೇ.

ಸಂಕ್ರಾಂತಿಗೆ ಬಂದವಳು ಹತ್ತು ದಿನ ವರ್ಕ್ ಫ್ರಮ್ ಹೋಮ್ ಅಂತ ಇಲ್ಲೇ ಇದ್ದಳು. ನಮ್ಮ ಅಂಗಡಿಯ 4 ರೂಪಾಯಿ ಸ್ಯಾಚೆ ಕಂಡಿಷನರ್ ಒಂದು. ಅವಳ ರೂಮ್‌ಮೇಟ್ ಮೆಚ್ಚಿದ್ದ 650 ರೂಪಾಯಿಯ ಹೇರ್ ಮಾಸ್ಕ್ ಇನ್ನೊಂದು. ಎರಡನ್ನೂ ಖಾಲಿ ಕುಂಕುಮದ ಡಬ್ಬಿಗೆ ತುಂಬಿ, ಒಂದಕ್ಕೆ ಕೆಂಪು ಬಳೆ, ಒಂದಕ್ಕೆ ಹಸಿರು ಬಳೆ ಸಿಕ್ಕಿಸಿದೆ. ಯಾವುದು ಯಾವುದು ಅಂತ ಗೊತ್ತಿದ್ದದ್ದು ನನಗೊಬ್ಬಳಿಗೇ. ಪುಟ್ಟಿ ಮೂಸಿ ನೋಡಿದ ತಕ್ಷಣ ದುಬಾರಿದು ಯಾವುದು ಅಂತ ಹೇಳಿಬಿಟ್ಟಳು. ಪರಿಮಳ ಬಚ್ಚಿಡೋಕೆ ಆಗಲಿಲ್ಲ. ಅದಕ್ಕೇ ತೀರ್ಪು ಕೊಡೋಕೆ ಅವಳನ್ನು ಬಿಟ್ಟು ಅಕ್ಕನನ್ನೂ ಪಕ್ಕದ ಮನೆ ಅಜ್ಜಿಯನ್ನೂ ಕರೆದೆವು. ಅಜ್ಜಿಗೆ ನೆಗಡಿ, ವಾಸನೆ ಗೊತ್ತಾಗುತ್ತಿರಲಿಲ್ಲ. ಒಳ್ಳೆಯದೇ ಆಯಿತು.

ಬೈತಲೆ ತೆಗೆದು ಎಡಕ್ಕೊಂದು ಬಲಕ್ಕೊಂದು. ಮೂರು ಸಲ ತಲೆಸ್ನಾನ. ಪ್ರತಿ ಸಲವೂ ಕಡೆ ಬದಲು, ಯಾಕೆಂದರೆ ಅವಳು ಮಲಗೋದು ಯಾವಾಗಲೂ ಬಲಮಗ್ಗುಲಿಗೆ, ಆ ಕಡೆ ಸಿಕ್ಕು ಜಾಸ್ತಿ. ಒಣಗಿದ ಮೇಲೆ ಇಬ್ಬರೂ ಒಬ್ಬೊಬ್ಬರಾಗಿ ಬಾಚಿ, ಕೈಯಾಡಿಸಿ ಹೇಳಬೇಕು. ಅಜ್ಜಿ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿನಿಂದ ಮೇಲಕ್ಕೆ ಜಾರಿಸಿ, ಕಣ್ಣು ಮುಚ್ಚಿ ಯೋಚಿಸಿ ಹೇಳುತ್ತಿದ್ದರು. ಮಗ್ಗದ ಸೀರೆ ಆರಿಸುವವರ ಹಾಗೆ.

ಒಟ್ಟು ಆರು ತೀರ್ಪು. ಮೂರು ಸಲ ಸ್ಯಾಚೆ, ಎರಡು ಸಲ ಮಾಸ್ಕ್, ಒಂದು ಸಲ "ಎರಡೂ ಒಂದೇ ಕಣೇ, ಸುಮ್ನೆ ತಲೆ ತಿನ್ಬೇಡಿ."

ಆಮೇಲೆ ಎರಡರ ಹಿಂದಿನ ಪಟ್ಟಿ ಓದಿದೆವು. ಪಟ್ಟಿಯಲ್ಲಿ ಜಾಸ್ತಿ ಇರೋದು ಮೊದಲು, ಕಡಿಮೆ ಇರೋದು ಕೊನೆಗೆ ಬರುತ್ತದೆ. ಎರಡರಲ್ಲೂ ನೀರು, ಸೀಟೇರಿಲ್ ಆಲ್ಕೋಹಾಲ್, ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಡೈಮೆಥಿಕೋನ್. ಕೆಲಸ ಮಾಡೋದು ಇವೇ. ಒರಟಾದ ಕೂದಲಿನ ಮೇಲೆ ಋಣ ವಿದ್ಯುದಂಶ ಇರುತ್ತದೆ, ಕಂಡಿಷನರಿನಲ್ಲಿರುವ ಧನ ವಿದ್ಯುದಂಶದ ವಸ್ತು ಹೋಗಿ ಅದಕ್ಕೆ ಅಂಟಿ ನುಣುಪು ಮಾಡುತ್ತದೆ. ಮಾಸ್ಕಿನಲ್ಲಿ ಇನ್ನೂ ಹನ್ನೆರಡು ಹೆಸರು ಜಾಸ್ತಿ ಇದ್ದವು. ಎಲ್ಲವೂ ಪರಿಮಳದ ಆಸುಪಾಸಿನಲ್ಲಿ, ಕೊನೇ ಸಾಲುಗಳಲ್ಲಿ.

ಇಲ್ಲಿಗೇ ನಿಲ್ಲಿಸಿದ್ದರೆ ಅಗ್ಗದ್ದೇ ಗೆದ್ದಿತು ಅಂತ ಬರೆಯಬಹುದಿತ್ತು. ಆದರೆ ಇದು ನಮ್ಮ ಬಾವಿ ನೀರಿನ ಮಾತು. ಬೆಂಗಳೂರಿಗೆ ಹೋದ ಮೇಲೆ ಅವಳು ರೂಮ್‌ಮೇಟ್ ಕೈಯಲ್ಲಿ ಮತ್ತೆ ಮಾಡಿಸಿದಳು. ಅಲ್ಲಿ ಮಾಸ್ಕಿನ ಕಡೆಯೇ ನುಣುಪು. ಸ್ಯಾಚೆ ಒಂದರ ಬದಲು ಎರಡು ಹಾಕಿದಾಗ ಸಮ ಆಯಿತು. ಎರಡು ಸ್ಯಾಚೆಗೆ 8 ರೂಪಾಯಿ. 200 ಗ್ರಾಂ ಮಾಸ್ಕಿನಲ್ಲಿ ಒಂದು ಸಲಕ್ಕೆ 10 ಗ್ರಾಂ ಅಂದರೆ ಮೂವತ್ತೆರಡೂವರೆ ರೂಪಾಯಿ. ಅವಳು ಎರಡು ಸ್ಯಾಚೆಗೆ ಒಗ್ಗಿಕೊಂಡಳು. ಕೊನೇ ಮಗ್ ಮಾತ್ರ ಕುಡಿಯುವ ಆರ್‌ಒ ನೀರು ಹುಯ್ದುಕೊಳ್ಳುತ್ತಾಳೆ. ಷವರ್ ಫಿಲ್ಟರಿಗಿಂತ ಆ ಒಂದು ಮಗ್ ಜಾಸ್ತಿ ಕೆಲಸ ಮಾಡಿತು.

ಸ್ಯಾಚೆ ಅಂದರೆ ಕೀಳು ಅನ್ನೋ ಭಾವನೆ ಇದೆ, ಅದರಲ್ಲೂ ಪೇಟೆಯವರಿಗೆ. ಇದು ಹುಟ್ಟಿದ್ದು ತಮಿಳುನಾಡಿನ ಕಡಲೂರಿನಲ್ಲಿ. ಚಿನ್ನಿ ಕೃಷ್ಣನ್ ಅನ್ನುವವರು ಸಣ್ಣ ಪೊಟ್ಟಣದ ಯೋಚನೆ ಮಾಡಿದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಬಂಡವಾಳದಲ್ಲಿ ಅಪ್ಪನ ಹೆಸರಿಂದಲೇ ಚಿಕ್ ಶಾಂಪೂ ಶುರು ಮಾಡಿದರು. ಬಾಟಲಿ ಕೊಳ್ಳೋಕಾಗದ ಮನೆಗಳಿಗೆ ಶಾಂಪೂ ಹೋದದ್ದು ಹಾಗೆ. ತಮಾಷೆ ಅಂದರೆ, ಎಷ್ಟೋ ಕಡೆ ಎಂಎಲ್ ಲೆಕ್ಕದಲ್ಲಿ ಸ್ಯಾಚೆಯೇ ಅಗ್ಗ. ನನ್ನ ಕೌಂಟರಿನದೇ ಉದಾಹರಣೆ: 2 ರೂಪಾಯಿಗೆ 6 ಎಂಎಲ್ ಅಂದರೆ ಎಂಎಲ್‌ಗೆ 33 ಪೈಸೆ. ಅದೇ ಕಂಪನಿಯ 180 ಎಂಎಲ್ ಬಾಟಲಿ 160 ರೂಪಾಯಿ, ಎಂಎಲ್‌ಗೆ 89 ಪೈಸೆ. ಒಳಗಿರೋದು ಒಂದೇನಾ ಅಂತ ಎರಡರ ಪಟ್ಟಿ ಪಕ್ಕ ಪಕ್ಕ ಇಟ್ಟು ನೋಡಿ, ಎಷ್ಟೋ ಸಲ ವ್ಯತ್ಯಾಸ ಇರುತ್ತದೆ. ಪ್ಲಾಸ್ಟಿಕ್ ಕಸದ ವಿಷಯ ಕೇಳಿದರೆ ನನ್ನ ಬಳಿ ಉತ್ತರ ಇಲ್ಲ. ಅಂಗಡಿ ಮುಂದಿನ ಚರಂಡಿ ನಾನೇ ಗುಡಿಸೋದು. (ಇವು ಆಗಿನ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ, ತಲೆಎಣ್ಣೆ, ಮುಖದ ಪೌಡರ್ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ಲಿಪ್‌ಸ್ಟಿಕ್ಕಿಗೆ ಮಾತ್ರ 18 ಹಾಗೇ ಇದೆ.)

ಈರುಳ್ಳಿ ಎಣ್ಣೆ ಬಾಟಲಿಯ ಪಟ್ಟಿಯನ್ನೂ ಓದಿದೆವು. ಮೊದಲ ಹೆಸರು ಲೈಟ್ ಲಿಕ್ವಿಡ್ ಪ್ಯಾರಫಿನ್, ಅಂದರೆ ಮಿನರಲ್ ಆಯಿಲ್. ಈರುಳ್ಳಿ ಎಲ್ಲೋ ಕೊನೆಯಲ್ಲಿ. ಈರುಳ್ಳಿ ಬಗ್ಗೆ ಒಂದು ಅಧ್ಯಯನ ಇರೋದು ನಿಜ. 2002ರಲ್ಲಿ ಪ್ರಕಟವಾದದ್ದು, ಇರಾಕಿನ ಡಾಕ್ಟರುಗಳದು. ಆದರೆ ಅಲ್ಲಿ ಹಚ್ಚಿದ್ದು ಹಸಿ ಈರುಳ್ಳಿ ರಸ, ದಿನಕ್ಕೆ ಎರಡು ಸಲ. ಅದೂ ನಾಣ್ಯದ ಹಾಗೆ ದುಂಡಗೆ ಕೂದಲು ಹೋಗುವ ಬೇರೆ ಕಾಯಿಲೆಗೆ, ಕೆಲವೇ ಜನರ ಮೇಲೆ. ಅದರಿಂದ ಈ ಬಾಟಲಿಗೆ ಬರೋಕೆ ಬಹಳ ದೂರ.

ಕೊಬ್ಬರಿ ಎಣ್ಣೆಯ ಕೇಸು ಇದಕ್ಕಿಂತ ಗಟ್ಟಿ. 2003ರ ಒಂದು ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ನೋಡಿದರು. ತೊಳೆದಾಗ ಕೂದಲಿನ ಪ್ರೋಟೀನ್ ನಷ್ಟವನ್ನು ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅಧ್ಯಯನ ಮಾಡಿದವರು ಮಾರಿಕೋ ಕಂಪನಿಯ ಸಂಶೋಧಕರು, ಅಂದರೆ ಪ್ಯಾರಾಚೂಟ್ ಮಾರುವವರೇ. ಅದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಓದಬೇಕು. ಆದರೂ ನಾನು ಒಪ್ಪುತ್ತೇನೆ, ನಮ್ಮಜ್ಜಿಯ ಜಡೆ ನೋಡಿದವಳು ನಾನು. ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿದರೆ ಸಾಕು. "ಇದು ತಿನ್ನೋದಾ, ಹಚ್ಚೋದಾ?" ಅಂತ ಅಂಗಡಿಗೆ ಬಂದವರು ಕೇಳುತ್ತಿರುತ್ತಾರೆ. ಸುಪ್ರೀಂ ಕೋರ್ಟಿನ ತನಕ ಹೋದ ಪ್ರಶ್ನೆ ಅದು, ತೆರಿಗೆಗಾಗಿ. 2024ರ ಡಿಸೆಂಬರ್ 18ಕ್ಕೆ ತೀರ್ಪು ಬಂತು: ಹೇರ್ ಆಯಿಲ್ ಅಂತ ಬರೆದು ಮಾರದಿದ್ದರೆ ಸಣ್ಣ ಪ್ಯಾಕಿನ ಶುದ್ಧ ಕೊಬ್ಬರಿ ಎಣ್ಣೆಯೂ ಅಡುಗೆ ಎಣ್ಣೆಯೇ.

ಮುಖಕ್ಕೆ 1,500

ಊರಿನ ಬ್ಯೂಟಿಷಿಯನ್ ನಿಶ್ಚಿತಾರ್ಥದ ಮೇಕಪ್ಪಿಗೆ 12,000 ಅಂದರು. ಅವರ ಕೆಲಸಕ್ಕೆ ಅದು ಜಾಸ್ತಿಯೇನಲ್ಲ, ಬೆಳಗಿನ ನಾಲ್ಕಕ್ಕೆ ಎದ್ದು ಬರಬೇಕು. ಆದರೆ ಅಷ್ಟು ಖರ್ಚು ಮದುವೆಗೆ ಮಾಡಿದರೆ ಸಾಕು ಅಂತ ಪುಟ್ಟಿಗೆ ಅನ್ನಿಸಿತ್ತು. ನಿಶ್ಚಿತಾರ್ಥಕ್ಕೆ ನಾವೇ ಮಾಡಿಕೊಳ್ಳೋದು, 1,500 ಮೀರಬಾರದು ಅಂತ ಆಯಿತು.

ಮೊದಲ ಪೆಟ್ಟು ಫೌಂಡೇಷನ್ನಿನದು. ಆನ್‌ಲೈನಲ್ಲಿ ಬಣ್ಣದ ಹೆಸರು ನೋಡಿ 410 ರೂಪಾಯಿಗೆ ತರಿಸಿದಳು. ಮುಂಗೈಗೆ ಹಚ್ಚಿದಾಗ ಸರಿಯಾಗೇ ಇತ್ತು. ಮುಖಕ್ಕೆ ಹಚ್ಚಿ ಮುಕ್ಕಾಲು ಗಂಟೆ ಕಳೆಯೋದರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮುಖದ ಎಣ್ಣೆ, ಗಾಳಿ ತಾಗಿ ಫೌಂಡೇಷನ್ ಹೀಗೆ ಗಾಢವಾಗೋದು ಮಾಮೂಲು. ಮುಂಗೈ ಬಣ್ಣ, ಮುಖದ ಬಣ್ಣ ಒಂದೇ ಇರೋದೂ ಕಡಿಮೆ. ಎರಡನೇ ಸಲ ಅಂಗಡಿಯಲ್ಲೇ ದವಡೆ ಅಂಚಿಗೆ ಮೂರು ಗೀಟು ಎಳೆದು, ಹೊರಗೆ ಬಿಸಿಲಲ್ಲಿ ನಿಲ್ಲಿಸಿ, ಒಂದು ಗಂಟೆ ಬಿಟ್ಟು ನೋಡಿದೆ. ಕುತ್ತಿಗೆಯ ಜತೆ ಕರಗಿ ಹೋದ ಗೀಟು ನಡುವಿನದು. 320 ರೂಪಾಯಿ. ದಾರಿಯಲ್ಲಿ ಹೋಗುವವರು "ಏನ್ರೀ, ಹುಡುಗಿಗೆ ಪೇಂಟ್ ಮಾಡ್ತಿದೀರ?" ಅಂತ ಕೇಳಿ ಹೋದರು.

ಕಾಂಪ್ಯಾಕ್ಟ್ ಪೌಡರ್ ಎರಡಿತ್ತು. ನಮ್ಮಲ್ಲಿನ 175ರದು, ಅಮೆರಿಕದಿಂದ ಭಾವನ ತಂಗಿ ತಂದಿದ್ದ ದುಬಾರಿದು. ಹಗಲಿನಲ್ಲಿ ದುಬಾರಿದು ಎಷ್ಟೋ ಮೇಲು, ಮುಖದ ಮೇಲೆ ಇರೋದೇ ಗೊತ್ತಾಗದು. ರಾತ್ರಿ ಮೊಬೈಲಿನ ಫ್ಲ್ಯಾಶ್ ಹಾಕಿ ಫೋಟೋ ತೆಗೆದೆ. ಮುಖ ಸುಣ್ಣ ಬಳಿದ ಹಾಗೆ, ಕುತ್ತಿಗೆ ಬೇರೆ ಯಾರದೋ ಹಾಗೆ ಬಂತು. ಅದರಲ್ಲಿ ಬಿಸಿಲು ತಡೆಯೋಕೆ ಟೈಟಾನಿಯಂ ಡೈಆಕ್ಸೈಡ್ ಇತ್ತು, ಅದು ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೆಯುತ್ತದೆ. ಅಕ್ಕ ಫೋಟೋ ನೋಡಿ "ದೆವ್ವದ ಹಾಗಿದೀಯ" ಅಂದಳು. 175ರದೇ ಗಟ್ಟಿಯಾಯಿತು.

ಲಿಪ್‌ಸ್ಟಿಕ್ ಮೂರು. 99, 249, ಮತ್ತೆ ರೂಮ್‌ಮೇಟಿನ 899. ಒಬ್ಬರದು ಒಬ್ಬರು ತುಟಿಗೆ ಹಚ್ಚಬಾರದು, ಅದಕ್ಕೇ ಕಡ್ಡಿಯಲ್ಲಿ ಕೆರೆದು ತಂದಿದ್ದಳು. ಮೂರು ದಿನ, ಒಂದೇ ಊಟ: ಸಾರನ್ನ, ಪಾಯಸ, ಹಪ್ಪಳ, ಮಜ್ಜಿಗೆ. ಪ್ರತಿ ದಿನ ಸ್ಟೀಲ್ ಲೋಟದ ಅಂಚು ನೋಡೋದು ನನ್ನ ಕೆಲಸ. 99ರದು ಸಾರಿನ ಮೊದಲ ಗುಟುಕಿಗೇ ಲೋಟದ ಮೇಲೆ ಪೂರಾ ತುಟಿಯ ಚಿತ್ರ ಬಿಡಿಸಿತು. 249ರದು ಪಾಯಸದವರೆಗೆ ತಡೆದು ಹಪ್ಪಳದ ಎಣ್ಣೆಗೆ ಸೋತಿತು, ನಡುತುಟಿ ಖಾಲಿ. 899ರದು ಯಾವುದಕ್ಕೂ ಜಗ್ಗಲಿಲ್ಲ, ಆದರೆ ಸಂಜೆಗೆ ತುಟಿ ಒಣಗಿ ಬಿರಿಯಿತು. ಇಲ್ಲಿ ದುಬಾರಿದೇ ಮೇಲು ಅಂತ ಒಪ್ಪಿಕೊಳ್ಳಬೇಕು. ಆದರೆ ಊಟ ಆದ ಮೇಲೆ ಮತ್ತೊಮ್ಮೆ ಹಚ್ಚೋಕೆ ಒಂದೇ ನಿಮಿಷ. 249ರದನ್ನೇ ಇಟ್ಟುಕೊಂಡೆವು. ಬಣ್ಣದ ಒಂದು ಮಾತು: ಜಾಹೀರಾತಿನಲ್ಲಿ ಚೆಂದ ಕಾಣುವ ನ್ಯೂಡ್ ಶೇಡುಗಳು (ಮೈಬಣ್ಣಕ್ಕೆ ಹತ್ತಿರದ ತಿಳಿ ಬಣ್ಣಗಳು) ನಮ್ಮ ಗೋಧಿ, ಎಣ್ಣೆಗೆಂಪು ಮೈಬಣ್ಣಕ್ಕೆ ಬಂದಾಗ ಜ್ವರ ಬಂದವರ ತುಟಿಯ ಹಾಗೆ ಕಾಣುತ್ತವೆ. ಸ್ವಂತ ತುಟಿಗಿಂತ ಒಂದು ಮೆಟ್ಟಿಲು ಗಾಢವಾದದ್ದು ನೋಡಿ. ಪುಟ್ಟಿಯದು ಕೋಕಂ ಹಣ್ಣಿನ ಬಣ್ಣ.

ಕಾಡಿಗೆ ಹೊತ್ತಿಗೆ ಹಳೇ ಗಾಯ ನೆನಪಾಯಿತು. ಕೆಲವು ವರ್ಷದ ಹಿಂದೆ ಒಬ್ಬ ಏಜೆಂಟ್ ಅರ್ಧ ಬೆಲೆಗೆ ಒಂದು ಬಾಕ್ಸ್ ಕಾಜಲ್ ಕೊಟ್ಟು ಹೋದ. ನೋಡೋಕೆ ಹೆಸರಾಂತ ಕಂಪನಿಯದೇ. ಮಾರಿದ ಮೇಲೆ ಇಬ್ಬರು ಹುಡುಗಿಯರು ಕೆಂಪು ಕಣ್ಣು ಮಾಡಿಕೊಂಡು ಬಂದರು. ಆಗ ಕನ್ನಡಕ ಹಾಕಿ ನೋಡಿದೆ. ಬ್ಯಾಚ್ ನಂಬರ್ ಇಲ್ಲ, ತಯಾರಿಕಾ ಲೈಸೆನ್ಸ್ ನಂಬರ್ ಇಲ್ಲ, ಬ್ರಾಂಡಿನ ಹೆಸರಲ್ಲೇ ಒಂದು ಅಕ್ಷರ ತಪ್ಪು. ದುಡ್ಡು ವಾಪಸ್ ಕೊಟ್ಟು ಬಾಕ್ಸ್ ಎಸೆದೆ. ಏಜೆಂಟ್ ಮತ್ತೆ ಈ ಕಡೆ ಬರಲಿಲ್ಲ. ಅಂದಿನಿಂದ ಬ್ಯಾಚ್, ಲೈಸೆನ್ಸ್, ವಿಳಾಸ, ಯಾವಾಗಿನವರೆಗೆ ಬಳಸಬಹುದು ಅನ್ನೋ ತಾರೀಕು, ಈ ನಾಲ್ಕೂ ಇಲ್ಲದ್ದನ್ನು ಒಳಗೇ ಬಿಡೋದಿಲ್ಲ. ಅಗ್ಗ ಬೇರೆ, ಡೂಪ್ಲಿಕೇಟ್ ಬೇರೆ.

ಬೆಳ್ಳಗಾಗುವ ಕ್ರೀಮಿನಲ್ಲಂತೂ ಇದು ಜೀವದ ಪ್ರಶ್ನೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಒಂದು ಥರದ ಕಿಡ್ನಿ ಕಾಯಿಲೆ ಹೆಚ್ಚಾದಾಗ ಡಾಕ್ಟರುಗಳು ಹುಡುಕುತ್ತಾ ಹೋಗಿ ತಲುಪಿದ್ದು ಪಾದರಸ ಇದ್ದ ಫೇರ್‌ನೆಸ್ ಕ್ರೀಮುಗಳಿಗೆ. ನಿಶ್ಚಿತಾರ್ಥಕ್ಕೆ ಮುಂಚೆ ಪುಟ್ಟಿಗೂ ಒಬ್ಬರು "ಹದಿನೈದು ದಿನ ಹಚ್ಚು, ಬಣ್ಣ ಬರುತ್ತೆ" ಅಂತ ಹೆಸರಿಲ್ಲದ ಡಬ್ಬಿ ಕೊಟ್ಟಿದ್ದರು. ಅದರ ಮೇಲೆ ಒಂದು ಗುಲಾಬಿ ಹೂವಿನ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ತಿಪ್ಪೆಗೆ ಹೋಯಿತು.

ಕೊನೆಗೆ ಕಣ್ಣಿಗೆ 160 ರೂಪಾಯಿಯ ತಿರುಗಿಸುವ ಕಾಜಲ್. ಅಮ್ಮ ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಹಿಡಿದ ಮಸಿಯ ಕಪ್ಪು ಅದಕ್ಕಿಲ್ಲ. ಆದರೆ ಅಮ್ಮನ ಕಾಡಿಗೆ ಅರ್ಧ ಗಂಟೆಗೆ ಕೆನ್ನೆಗೆ ಇಳಿಯುತ್ತಿತ್ತು, ಇದು ಇಳಿಯಲಿಲ್ಲ. ಎಲ್ಲ ಸೇರಿ, ದಂಡ ಆದ ಫೌಂಡೇಷನ್, 99ರ ಲಿಪ್‌ಸ್ಟಿಕ್ ಸಮೇತ, 1,413 ರೂಪಾಯಿ.

ಫೆಬ್ರವರಿ ಎರಡನೇ ವಾರ ನಿಶ್ಚಿತಾರ್ಥ ಆಯಿತು. ಜಡೆ ತುಂಬ ಮಲ್ಲಿಗೆ. ಹಣೆಯ ಅಂಚಿನಲ್ಲಿ ಹೊಸದಾಗಿ ಹುಟ್ಟಿದ ಗಿಡ್ಡ ಕೂದಲು ಮುಳ್ಳಿನ ಹಾಗೆ ಎದ್ದು ನಿಂತಿತ್ತು. ಎಷ್ಟು ನೀರು ಹಚ್ಚಿ ಒತ್ತಿದರೂ ಕೂರಲಿಲ್ಲ. ಅದು ಒಳ್ಳೇ ಲಕ್ಷಣ ಅಂತ ಗೊತ್ತಿದ್ದದ್ದರಿಂದ ಹಾಗೇ ಬಿಟ್ಟೆವು. ಊಟ ಆದ ಮೇಲೆ ನಾನು ಲೋಟಗಳನ್ನು ನೋಡೋಕೆ ಹೋದೆ, ಅಭ್ಯಾಸ ಬಲ. ಅವಳ ಲೋಟದ ಅಂಚಲ್ಲಿ ಸಣ್ಣದೊಂದು ಕೋಕಂ ಬಣ್ಣದ ಗೆರೆ ಇತ್ತು.

ಕವರಿನ ಲೆಕ್ಕವನ್ನು ಎಷ್ಟು ಸಲ ತೋರಿಸಿದರೂ ಪುಟ್ಟಿ "ಸೀರಮ್ಮಿಂದೂ ಸ್ವಲ್ಪ ಇತ್ತು ಚಿಕ್ಕಿ" ಅನ್ನೋದು ಬಿಟ್ಟಿಲ್ಲ. ಅಂಗಡಿಗೆ ನಾನು ಆರ್ಡರ್ ಹಾಕಲಿಲ್ಲ. ಉಳಿದ ಅರ್ಧ ಬಾಟಲಿಯನ್ನು ಅಕ್ಕ ತಗೊಂಡು ಹೋಗಿ ದಿನಾ ರಾತ್ರಿ ಹಚ್ಚುತ್ತಿದ್ದಾಳೆ. ಅವಳಿಗೂ ಕೆಲಸ ಮಾಡ್ತಿದೆಯಂತೆ.